ಕೂಗು ಕಳೆದುಕೊಂಡ ಆಕ್ಸಲ್

ಆಕ್ಸಲ್ ಮೇಸ್ತ್ರಿಯ ಕೈಯಿಂದ ಹೊರಗೆ ಹೋದ ಗಾಡಿ ಮೂವತ್ತೆರಡು ವರ್ಷದಲ್ಲಿ ಒಂದೂ ಸದ್ದು ಮಾಡಿದ್ದಿಲ್ಲ. ಗ್ಯಾರೇಜಿನ ಬಾಗಿಲ ಮೇಲೆ ‘ಇಲ್ಲಿ ಸದ್ದು ನಿಲ್ಲಿಸಲಾಗುವುದು’ ಎಂದು ಬೋರ್ಡು ಬರೆಸಿದ್ದ. ಹೆಂಡತಿ ಮಾತು ಶುರುಮಾಡಿದರೆ ಅದನ್ನೇ ತೋರಿಸುತ್ತಿದ್ದ. "ಅದು ಗಾಡಿಗೆ ಕಣ್ರೀ, ನನಗಲ್ಲ" ಎಂದು ಅವಳು ಮುಂದುವರಿಸುತ್ತಿದ್ದಳು.

ಆ ವಾರ ಹಾಡಿನ ಮೇಷ್ಟ್ರ ಕಾರು ಬಂದಿತ್ತು. ಹನ್ನೊಂದು ವರ್ಷದಿಂದ ಅದರ ಹಿಂದಿನ ಆಕ್ಸಲ್ ಕೊಂಯ್ ಎಂದು ಕೂಗುತ್ತ ಬೀದಿಯಲ್ಲಿ ಹೋಗುವುದನ್ನು ಕೇಳಿ ಕೇಳಿ ಮೇಸ್ತ್ರಿಯ ಹೊಟ್ಟೆ ಉರಿದುಹೋಗಿತ್ತು. ಕಡೆಗೊಂದು ದಿನ ಒಳಗಿನ ಗೇರಿನ ಎರಡು ಹಲ್ಲು ಮುರಿದು ಗಾಡಿ ನಿಂತಾಗ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೊಸ ಜೋಡಿ ತರಿಸಿದ: ತಟ್ಟೆಯಷ್ಟಗಲದ ಕ್ರೌನ್ ಗೇರು, ಅದನ್ನು ತಿರುಗಿಸುವ ಪುಟ್ಟ ಪಿನಿಯನ್ ಗೇರು. ಪಿನಿಯನ್ ಎಷ್ಟು ಒಳಗೆ ಕೂರಬೇಕೆಂಬುದೆಲ್ಲ ಅದರ ಬೆನ್ನಿಗೆ ಹಾಕುವ, ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳ ಕೈಯಲ್ಲಿದೆ. ಹೆಚ್ಚಾದರೂ ಕೂಗು, ಕಮ್ಮಿಯಾದರೂ ಕೂಗು. ಮೇಸ್ತ್ರಿ ಬಿಲ್ಲೆ ಅಳೆದು, ಕ್ರೌನಿನ ಹಲ್ಲಿಗೆ ಹಳದಿ ಬಣ್ಣ ಬಳಿದು, ತಿರುಗಿಸಿ ನೋಡಿ, ಬಿಚ್ಚಿ, ಮತ್ತೆ ಕೂರಿಸಿ, ಹಲ್ಲಿಗೆ ಹಲ್ಲು ತಾಗಿದ ಗುರುತು ಆ ಬಣ್ಣದ ನಟ್ಟನಡುವೆ ಬೀಳುವ ತನಕ ಊಟಕ್ಕೆ ಕರೆದರೂ ಏಳಲಿಲ್ಲ. ಆಮೇಲೆ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಓಡಿಸಿದ. ಪಕ್ಕದ ಮನೆಯವರ ಪಿಸುಮಾತೂ ತಪ್ಪದ ಕಿವಿ ಅವಳದು.

"ಏನಾದ್ರೂ ಕೇಳ್ತಾ?"

"ನಿಮ್ಮ ಮೊಣಕಾಲು ಮಾತ್ರ ಕೇಳ್ತಿದೆ. ಅದಕ್ಕೂ ಸ್ವಲ್ಪ ಗ್ರೀಸು ಹಚ್ಕೊಳ್ಳಿ."

ಗಾಡಿ ತೆಗೆದುಕೊಂಡು ಹೋದ ಮೇಷ್ಟ್ರು ಅರ್ಧ ಗಂಟೆಯಲ್ಲಿ ಬೆವರುತ್ತ ವಾಪಸು ಬಂದರು.

"ಸದ್ದು ಎಲ್ಲಯ್ಯಾ?"

"ಹೋಯ್ತು ಸಾರ್. ಬುಡಸಮೇತ."

"ಯಾರಯ್ಯಾ ತೆಗಿ ಅಂದಿದ್ದು? ಹಲ್ಲು ಕಟ್ಕೊಡು ಅಂದ್ರೆ ನಾಲಿಗೇನೇ ಕಿತ್ತುಬಿಟ್ಟೆಯಲ್ಲ!"

ಸಂಗತಿ ಏನೆಂದರೆ, ಮೇಷ್ಟ್ರು ಇಷ್ಟು ವರ್ಷ ಆ ಆಕ್ಸಲ್ಲಿನ ಕೂಗಿಗೇ ಶ್ರುತಿ ಹಿಡಿದು ಹಾಡುತ್ತಿದ್ದರು. ಗಂಟೆಗೆ ನಲವತ್ತರ ವೇಗದಲ್ಲಿ ಅದು ಹೊರಡಿಸುವ ಸ್ವರ ಕಿವಿಗೆ ಬಿದ್ದರೇ ಅವರ ಗಂಟಲು ಬಿಚ್ಚುವುದು. ಹಾಡುಗಾರಿಕೆ ಇದ್ದ ದಿನ ಕಾರನ್ನು ಸಭಾಂಗಣದ ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿ, ಹಿಂದಿನ ಚಕ್ರಗಳನ್ನು ಜಾಕಿ ಹಾಕಿ ಮೇಲೆತ್ತಿ, ಭಾಮೈದನನ್ನು ಒಳಗೆ ಕೂರಿಸಿ ನಲವತ್ತರಲ್ಲಿ ತಿರುಗಿಸುತ್ತಿದ್ದರು. ಬರುವ ಭಾನುವಾರ ಹಾಡುಗಾರಿಕೆ ಇತ್ತು.

"ಹಾರ್ಮೋನಿಯಂ ಇಟ್ಕೊಳ್ಳಿ ಸಾರ್."

"ಅದು ಕೂತಲ್ಲೇ ಕೂಗುತ್ತೆ. ನನಗೆ ಓಡೋ ಸದ್ದೇ ಬೇಕು. ಭಾನುವಾರ ನನ್ನ ಗಂಟಲು ಹೊರಡ್ಲಿಲ್ಲ ಅಂದ್ರೆ, ಯಾರಿಂದ ಅಂತ ಮೈಕಲ್ಲೇ ಹೇಳಿ ಎದ್ದುಹೋಗ್ತೀನಿ."

ಮೇಸ್ತ್ರಿಯ ಮೂವತ್ತೆರಡು ವರ್ಷದ ಹೆಸರು ಮೈಕಿನಲ್ಲಿ ಹೋಗುವುದೆಂದರೆ ಸುಮ್ಮನೆಯೆ? "ಕೆಡಿಸಿಕೊಡ್ತೀನಿ ಸಾರ್, ಬಿಟ್ಟುಹೋಗಿ" ಎಂದು ಮಾತು ಕೊಟ್ಟ.

ಕೆಡಿಸುವುದೂ ಒಂದು ವಿದ್ಯೆ ಎಂದು ಗೊತ್ತಾಗಿದ್ದು ಆಗ. ದಪ್ಪ ಬಿಲ್ಲೆಗೆ ಕೈಹಾಕಿದರೆ ಕೈ ತಂತಾನೇ ಸರಿಯಾದ್ದನ್ನು ಎತ್ತಿಕೊಳ್ಳುತ್ತಿತ್ತು. ಕಣ್ಣು ಮುಚ್ಚಿಕೊಂಡು ಕೂರಿಸಿದ, ಗುರುತು ನಟ್ಟನಡುವೆ. ಎಡಗೈಯಲ್ಲಿ ಕೂರಿಸಿದ, ನಟ್ಟನಡುವೆ. ಹೆಂಡತಿ ಕೈಯಲ್ಲಿ ಮಾಡಿಸಿದ. ಇಷ್ಟು ವರ್ಷ ನೋಡಿದವಳು, ಅವನಿಗಿಂತ ಚೆನ್ನಾಗಿ ಕೂರಿಸಿದಳು.

"ಕೂಗೋ ಆಕ್ಸಲ್ ಬೇಕಂದ್ರೆ ಎದುರಿಗೆ ಹೋಗ್ರೀ" ಎಂದಳು ಕೈ ಒರೆಸಿಕೊಳ್ಳುತ್ತ.

ಎದುರಿಗಿದ್ದದ್ದು ಅವನ ತಮ್ಮನ ಗ್ಯಾರೇಜು. ಅಲ್ಲಿಂದ ಹೊರಟ ಗಾಡಿಗಳೆಲ್ಲ ಕೂಗುತ್ತಿದ್ದವು. ಒಂಬತ್ತು ವರ್ಷದ ಹಿಂದೆ ಅಣ್ಣ ಅದಕ್ಕೆ ನಾಲ್ಕು ಜನರ ಮುಂದೆ ನಕ್ಕಿದ್ದ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಹನ್ನೆರಡು ಹೆಜ್ಜೆಯ ಆ ಬೀದಿ ದಾಟುವುದಕ್ಕೆ ಮೇಸ್ತ್ರಿಗೆ ಒಂದಿಡೀ ಬೆಳಗ್ಗೆ ಹಿಡಿಯಿತು.

"ಹೇಗೋ ಮಾಡ್ತೀಯಾ ಅದನ್ನ?"

"ಯಾವುದನ್ನ?" ತಮ್ಮ ತಲೆ ಎತ್ತಲಿಲ್ಲ.

"ಅದೇ, ಆ ಕೂಗು."

"ನಾನೇನೂ ಮಾಡಲ್ಲಪ್ಪ. ಅದು ತಾನಾಗೇ ಬರುತ್ತೆ."

"ನನಗೊಂದು ಬರಿಸ್ಕೊಡೋ. ನನ್ ಕೈಲಿ ಆಗ್ತಿಲ್ಲ."

ಅಂಥ ಮಾತು ಅಣ್ಣನ ಬಾಯಲ್ಲಿ ಕೇಳಿ ತಮ್ಮನ ಕಣ್ಣು ತುಂಬಿತು. ಎದ್ದು ಕೈ ತೊಳೆದುಕೊಂಡ. ಕೆಲಸಕ್ಕೆ ಮುಂಚೆ ಅವನು ಕೈ ತೊಳೆದದ್ದು ಅದೇ ಮೊದಲು. ಅಣ್ಣ ಪಕ್ಕದಲ್ಲೇ ಕೂತು ನೋಡುತ್ತಿದ್ದಾನೆಂಬ ಅಂಜಿಕೆಗೆ ಒಂದೊಂದು ಬಿಲ್ಲೆಯನ್ನು ನಾಲ್ಕು ನಾಲ್ಕು ಸಲ ಅಳೆದ. ಬೋಲ್ಟುಗಳನ್ನು ಅಂಗಿಯ ತುದಿಯಲ್ಲಿ ಒರೆಸಿ ಒರೆಸಿ ಬಿಗಿದ. ಶನಿವಾರ ಗಾಡಿ ಒಯ್ಯಲು ಬಂದ ಮೇಷ್ಟ್ರ ಎದುರಿಗೇ ಓಡಿಸಿದರೆ, ಬೆಕ್ಕು ನಡೆದ ಹಾಗೆ. ಒಂದು ಚೂರೂ ಸದ್ದಿಲ್ಲ.

"ಅಯ್ಯೋ ಅಣ್ಣಾ, ಜೀವಮಾನದಲ್ಲೇ ಹೀಗಾಗಿರ್ಲಿಲ್ಲ!" ತಮ್ಮ ತಲೆಯ ಮೇಲೆ ಕೈ ಹೊತ್ತು ಕೂತ.

"ಎಷ್ಟು ಚೆನ್ನಾಗಿ ಮಾಡಿಬಿಟ್ಟೆಯಲ್ಲೋ ಪಾಪಿ" ಎಂದ ಮೇಸ್ತ್ರಿ. ಬೈದನೋ ಹೊಗಳಿದನೋ ಅವನಿಗೇ ತಿಳಿಯಲಿಲ್ಲ.

ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದರು. ಅವರಿಗೆ ನೀರು ತಂದ ಮೇಸ್ತ್ರಿಯ ಹೆಂಡತಿ ಗಂಡನನ್ನು ಕೇಳಿದಳು: "ಅಷ್ಟಕ್ಕೂ ಹೇಗೆ ಕೂಗ್ತಿತ್ತು ರೀ ಅದು?"

ತಾನು ನಿಲ್ಲಿಸಿದ ಸದ್ದು ಒಂದನ್ನೂ ಮೇಸ್ತ್ರಿ ಮರೆತವನಲ್ಲ. ಬಾಯಿ ತೆರೆದ. "ಕೊಂಯ್‌..."

ಮೇಷ್ಟ್ರು ಲೋಟ ಕೆಳಗಿಟ್ಟರು. "ನಲವತ್ತೈದಾಯ್ತು. ಸ್ವಲ್ಪ ಇಳಿಸು."

ಮೇಸ್ತ್ರಿ ಇಳಿಸಿದ.

"ಹಾಂ, ಅಲ್ಲೇ! ಅಲ್ಲೇ ಇರು!" ಮೇಷ್ಟ್ರು ಆ ಮೆಟ್ಟಿಲ ಮೇಲೆಯೇ ಹಾಡತೊಡಗಿದರು.

ಭಾನುವಾರ ಮೇಸ್ತ್ರಿ ಒಗೆದ ಅಂಗಿ ತೊಟ್ಟು, ವೇದಿಕೆಯಲ್ಲಿ ಮೇಷ್ಟ್ರ ಬೆನ್ನ ಹಿಂದೆ ಕೂತು, ಎರಡು ಗಂಟೆ ಕಾಲ ಕೆಟ್ಟ ಆಕ್ಸಲ್ ಆದ. ವೇಗ ಏರಿದಾಗಲೆಲ್ಲ ಮುಂದಿನ ಸಾಲಿನಿಂದ ಹೆಂಡತಿ ಕೈ ಇಳಿಸಿ ಸನ್ನೆ ಮಾಡುತ್ತಿದ್ದಳು. ಬೇಡವೆಂದು ಯಾರೂ ಹೇಳದ ಕಾರಣ ಮೇಷ್ಟ್ರ ಭಾಮೈದ ಎಂದಿನಂತೆ ಕಿಟಕಿಯಾಚೆ ಕಾರಿನಲ್ಲಿ ಕೂತು ನಲವತ್ತರಲ್ಲಿ ಚಕ್ರ ತಿರುಗಿಸುತ್ತಲೇ ಇದ್ದ. ಕಾರಿನ ಆಕ್ಸಲ್ ತುಟಿ ಪಿಟಕ್ಕೆನ್ನಲಿಲ್ಲ.

"ಯಾವ ಗಾಡೀದಪ್ಪ ಈ ಸದ್ದು? ಯಾರು ರಿಪೇರಿ ಮಾಡಿದ್ದು?" ಎಂದರು ಹಿಂದಿನ ಸಾಲಿನವರೊಬ್ಬರು.

ಅತ್ತಿಗೆಯ ಪಕ್ಕ ಕೂತಿದ್ದ ತಮ್ಮ ಎದೆಯುಬ್ಬಿಸಿ ಅತ್ತ ತಿರುಗಿದ.

"ರಿಪೇರಿ ನಂದು. ಸದ್ದು ನಮ್ಮಣ್ಣಂದು."