ಕಂಪೌಂಡರ ಐದನೇ ಲೋಟ

ಬಿಯರ್ ತಯಾರಿಸಿ ಅಲ್ಲೇ ಕುಡಿಯಲು ಕೊಡುವ ಆ ಜಾಗದ ಬಾಗಿಲಲ್ಲಿ ಕಂಪೌಂಡರು ಚಪ್ಪಲಿ ಬಿಟ್ಟರು.

“ಬೀಗರೇ, ಒಳಗೆ ದೇವರಿಲ್ಲ. ಹಾಕ್ಕೊಳ್ಳಿ” ಎಂದು ಜೊತೆಗಿದ್ದವರು ಕಿವಿಯಲ್ಲಿ ಹೇಳಿದರು.

“ನನಗೆ ಗೊತ್ತಿಲ್ವೇ? ನೆಲ ಈಗಷ್ಟೇ ಒರೆಸಿದ ಹಾಗಿದೆ, ಅದಕ್ಕೆ ಬಿಟ್ಟೆ.”

ನೆಲ ಒರೆಸಿ ಎಷ್ಟು ದಿನವಾಗಿತ್ತೋ, ಅದು ಆ ನೆಲಕ್ಕೇ ಗೊತ್ತು. ಗಡಿಬಿಡಿಯಲ್ಲಿ ಚಪ್ಪಲಿಗೆ ಕಾಲು ತೂರಿಸುವಾಗ ಎಡದ್ದು ಬಲಕ್ಕೆ ಹೋಯಿತು. ಹೀಗಾಗಿ ಒಂದು ಹನಿ ಬಾಯಿಗೆ ಬೀಳುವ ಮೊದಲೇ ಅವರ ನಡಿಗೆ ಕುಡಿದವರ ನಡಿಗೆಯಾಯಿತು.

ಕಂಪೌಂಡರು ಎಂದರೆ ಜೀವಮಾನವೆಲ್ಲ ಆಸ್ಪತ್ರೆಯ ಔಷಧದ ಕಿಟಕಿಯ ಹಿಂದೆ ನಿಂತು, ಅಳತೆಯ ಗಾಜಿನಲ್ಲಿ ಮಿಕ್ಸ್ಚರ್ ಅಳೆದು ಸೀಸೆಗೆ ಸುರಿದವರು. ‘ನಾಲಿಗೆಗೆ ತಾಗಿಸಬೇಡಿ, ಕಣ್ಣು ಮುಚ್ಚಿ ನುಂಗಿಬಿಡಿ’ ಎಂಬುದು ಅವರು ಊರಿಗೆಲ್ಲ ಮಾಡಿದ ಉಪದೇಶ. ಕೆಲಸ ಬಿಟ್ಟು ಎಷ್ಟೋ ವರ್ಷಗಳಾದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಜೊತೆಗಿದ್ದವರು ಅವರ ಮಗಳ ಮಾವ. ಹಾಸಿಗೆ ಅಂಗಡಿ ಇಟ್ಟು ಬದುಕಿದವರಾದ್ದರಿಂದಲೋ ಏನೋ, ಮಾತು, ನಗು, ಮೈ ಎಲ್ಲವೂ ಮೆತ್ತಗೆ.

ಹೋದ ವರ್ಷ ಕಂಪೌಂಡರ ಹೆಂಡತಿ ತೀರಿಕೊಂಡರು. ಮಗಳು ಬಂದು, ಮನೆಗೆ ಬೀಗ ಜಡಿದು, ಅಪ್ಪನನ್ನು ತನ್ನ ಮನೆಗೆ ಕರೆದೊಯ್ದಳು. ಮಗಳ ಮನೆಯೆಂದರೆ ಬೀಗರ ಮನೆ. ಅಲ್ಲಿ ಒಂದು ಹೊತ್ತು ಉಂಡು ಮರ್ಯಾದೆಯಿಂದ ಎದ್ದು ಬರುವುದೇ ಕಷ್ಟದ ಕೆಲಸ. ಕಂಪೌಂಡರು ಅಲ್ಲಿ ವರ್ಷದ ಹತ್ತಿರ ಉಂಡಿದ್ದರು. ಅದರಲ್ಲಿ ಒಂದು ತುತ್ತಿನ ರುಚಿಯೂ ಅವರಿಗೆ ಗೊತ್ತಾಗಿರಲಿಲ್ಲ.

ಇದು ಯಾರಿಗೂ ಹೇಳದ ಸಂಗತಿ. ಹೆಂಡತಿ ಹೋದಾಗಿನಿಂದ ಅವರ ನಾಲಿಗೆಗೆ ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಕೆಲವು ದಿನಗಳ ಮೇಲೆ ಮೂಗೂ ನಾಲಿಗೆಯ ಪಕ್ಷ ಸೇರಿಕೊಂಡಿತು. ಮಗಳು ಬಡಿಸಿ, ಮುಖ ನೋಡುತ್ತಾ ನಿಲ್ಲುವಳು. “ಹೇಗಿದೆ ಅಪ್ಪಾ?”

“ಥೇಟ್ ನಿಮ್ಮಮ್ಮನ ಕೈರುಚಿ.”

ಮೊದಲ ದಿನ ಈ ಮಾತಿಗೆ ಮಗಳ ಕಣ್ಣು ತುಂಬಿತು. ಅವಳು ಸರಕ್ಕನೆ ಒಳಗೆ ಹೋದಳು. ಸಂತೋಷ ತಡೆಯಲಾರದೆ ಹೋದಳೆಂದು ಕಂಪೌಂಡರು ತಿಳಿದರು. ಒಮ್ಮೆ ಕೆಲಸ ಮಾಡಿದ ಔಷಧವನ್ನು ಬದಲಿಸುವವರಲ್ಲ ಅವರು. ದಿನಕ್ಕೆರಡು ಸಲ, ಊಟದ ಜೊತೆ, ಅದೇ ಡೋಸು ಮುಂದುವರಿಯಿತು. ಈಗ ನಿಲ್ಲಿಸುವಂತಿರಲಿಲ್ಲ. ನಿಜ ಹೇಳಿದರೆ ಅವಳು ಇಷ್ಟು ದಿನ ಗೋಡೆಗೆ ಬಡಿಸಿದ ಹಾಗಾಗುತ್ತಿತ್ತು. ಅವಳಿಗೆ ತಿಳಿಯುವ ಮೊದಲು ನಾಲಿಗೆ ವಾಪಸು ಬರಬೇಕು. ಕಂಪೌಂಡರು ದಿನವೂ ದೇವರನ್ನು ಕೇಳುತ್ತಿದ್ದದ್ದು ಇದೊಂದೇ. ದೇವರು ಕೇಳಿಸಿಕೊಳ್ಳುತ್ತಿದ್ದ, ಕೊಡುತ್ತಿರಲಿಲ್ಲ.

“ಗಾಳಿ ಬದಲಾದ್ರೆ ಹಸಿವು ಬರುತ್ತೆ ಬೀಗರೇ” ಎಂದು ಬೀಗರೇ ಈ ಪ್ರವಾಸ ಹೊರಡಿಸಿದ್ದರು. ಮಗಳು ಬೆಳಗಿನ ಜಾವ ಎದ್ದು ಖಾರ ಹಚ್ಚಿ ಹುರಿದ ಕಡಲೆಬೀಜ ಕಟ್ಟಿಕೊಟ್ಟಿದ್ದಳು. ಅದು ಅವಳ ಅಮ್ಮ ಪ್ರಯಾಣಕ್ಕೆಂದು ಮಾಡುತ್ತಿದ್ದ ತಿಂಡಿ. ರೈಲು ಹತ್ತಿ ಪೊಟ್ಟಣ ಬಿಚ್ಚಿದ ಗಳಿಗೆಗೆ ಸರಿಯಾಗಿ ಅವಳ ಫೋನು ಬಂತು. ಕಂಪೌಂಡರು ಬಾಯಿ ತುಂಬ ಬೀಜ ತುಂಬಿಕೊಂಡೇ, “ಥೇಟ್ ನಿಮ್ಮಮ್ಮನ ಕೈರುಚಿ” ಎಂದರು. ಎದುರಿಗೆ ಕೂತ ಬೀಗರು ಅವರನ್ನು ಒಂದು ಥರ ನೋಡಿ, ತಮ್ಮ ಪಾಲಿನ ಪೊಟ್ಟಣವನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ನಡುದಾರಿಯಲ್ಲಿ ಇಳಿದು ರೈಲು ಬದಲಿಸಬೇಕಿತ್ತು, ಮುಂದಿನದಕ್ಕೆ ಇನ್ನೂ ಹೊತ್ತಿತ್ತು. ನಿಲ್ದಾಣದ ಹಿಂದಿನ ಬೀದಿಯಲ್ಲಿ ನಡೆಯುತ್ತಿದ್ದಾಗ ಈ ಜಾಗ ಕಣ್ಣಿಗೆ ಬಿತ್ತು.

“ನಾನೊಂದು ಸ್ವಲ್ಪ ರುಚಿ ನೋಡಿ ಬಂದುಬಿಡ್ತೀನಿ. ನಿಮಗೆ ಪಾನಕ ಹೇಳ್ತೀನಿ” ಎಂದರು ಬೀಗರು, ತಪ್ಪು ಮಾಡಿದ ಹುಡುಗನ ಹಾಗೆ.

ಬಾಗಿಲ ಪಕ್ಕದ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿತ್ತು: ‘ಇಷ್ಟು ಕಹಿ ನೀವು ಎಲ್ಲೂ ಕುಡಿದಿರಲಾರಿರಿ.’ ಕಂಪೌಂಡರು ಅದನ್ನು ಎರಡು ಸಲ ಓದಿದರು. ತಾವು ಅಳೆದುಕೊಟ್ಟ ಕಹಿಗಳು ಎಂಥೆಂಥವರನ್ನೋ ಮಂಚದಿಂದ ಎಬ್ಬಿಸಿದ್ದವು. ಒಂದು ನಾಲಿಗೆಯನ್ನು ಎಬ್ಬಿಸಲಾರವೇ?

“ಪಾನಕ ಬೇಡ” ಎಂದರು. “ನಾನೂ ನೋಡ್ತೀನಿ.”

“ಏನು ನೋಡ್ತೀರಿ?”

“ನೀವು ನೋಡೋದನ್ನೇ.”

ಬೀಗರು ಬೀದಿಯ ನಡುವೆ ನಿಂತುಬಿಟ್ಟರು. ಹಿಂದೆ ಬಂದ ಸೈಕಲ್ಲಿನವನು ಬಯ್ದು, ಸುತ್ತಿಕೊಂಡು ಹೋದ.

ಒಳಗೆ ಒಂದು ಕಡೆ ಮನುಷ್ಯರಿಗಿಂತ ಎತ್ತರದ ಉಕ್ಕಿನ ಹಂಡೆಗಳು. ಅವುಗಳಿಂದ ಹೊರಟ ಕೊಳವೆಗಳು ಗೋಡೆ ಹತ್ತಿ, ಇಳಿದು, ಉದ್ದನೆಯ ಮೇಜಿನ ಹಿಂದೆ ಸಾಲು ನಲ್ಲಿಗಳಾಗಿದ್ದವು. ಮೂಲೆಯಲ್ಲಿ ಒದ್ದೆ ರಬ್ಬರ್ ಕೊಳವೆ ಸುರುಳಿ ಸುತ್ತಿಕೊಂಡು ಮಲಗಿತ್ತು.

“ಆಹಾ!” ಎಂದು ಬೀಗರು ಮೂಗರಳಿಸಿದರು. “ಧಾನ್ಯ ಹುರಿದ ವಾಸನೆ.”

“ಆಹಾ” ಎಂದರು ಕಂಪೌಂಡರು, ಒಂದು ಉಸಿರು ತಡವಾಗಿ.

ಬಿಯರ್ ಮಾಡುವಾಕೆಯೇ ಬಂದು ವಿಚಾರಿಸಿದಳು. ಮೊಣಕಾಲಿನವರೆಗೆ ರಬ್ಬರ್ ಬೂಟು, ಸೊಂಟಕ್ಕೆ ಕಟ್ಟಿದ ಒದ್ದೆ ಬಟ್ಟೆ. “ಮೊದಲ ಸಲ ಬಂದಿದ್ದೀರಾ ಸಾರ್? ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕೊಡ್ತೀನಿ, ರುಚಿ ನೋಡಿ. ಇವರೂ ಕುಡೀತಾರಾ?”

“ಇವರೇ ನನ್ನನ್ನ ಕರ್ಕೊಂಡು ಬಂದಿದ್ದು” ಎಂದರು ಬೀಗರು. ಬೀಗರ ಮೇಲೆ ಇಂಥ ಗೆಲುವು ದಿನವೂ ಸಿಗುವುದಿಲ್ಲವಲ್ಲ.

ಇಬ್ಬರ ಮುಂದೆಯೂ ಒಂದೊಂದು ಮರದ ಹಲಗೆ ಬಂತು. ಹಲಗೆಯಲ್ಲಿ ಕೊರೆದ ಗುಳಿಗಳಲ್ಲಿ ಪುಟ್ಟ ಪುಟ್ಟ ಗಾಜಿನ ಲೋಟಗಳು, ಆಸ್ಪತ್ರೆಯ ಅಳತೆ ಗಾಜಿನ ತಮ್ಮಂದಿರ ಹಾಗೆ. ಆಕೆ ಒಂದೊಂದನ್ನೂ ಮುಟ್ಟಿ ವಿವರಿಸತೊಡಗಿದಳು. ಆದರೆ ಕಂಪೌಂಡರಿಗೆ ಅಷ್ಟರಲ್ಲಿ ಬೇರೆಯೇ ತೊಡಕು ಎದುರಾಗಿತ್ತು.

ಬುದ್ಧಿ ತಿಳಿದಾಗಿನಿಂದ ಅವರು ಏನನ್ನೂ ಮನಸ್ಸಿನಲ್ಲಿ ದೇವರಿಗೆ ತೋರಿಸದೆ ಬಾಯಿಗೆ ಹಾಕಿದವರಲ್ಲ. ಭೇದಿ ಮಾತ್ರೆಯನ್ನೂ ತೋರಿಸಿಯೇ ನುಂಗಿದವರು. ಈಗ ಇದನ್ನು ತೋರಿಸುವುದೋ ಬಿಡುವುದೋ? ತೋರಿಸದಿದ್ದರೆ ಕುಡಿಯುವಂತಿಲ್ಲ. ತೋರಿಸಿದರೆ ಆತನ ಮುಂದೆ ಬಿಯರ್ ಇಟ್ಟಂತಾಯಿತು. ಕಣ್ಣು ಮುಚ್ಚಿ ಚೌಕಾಸಿಗೆ ಕೂತರು. ‘ಸ್ವಾಮಿ, ಇದು ಔಷಧ ಅಂತ ಇಟ್ಕೋ. ಅದೂ ಆಗಲ್ಲ ಅಂದ್ರೆ ಸ್ವಲ್ಪ ಹೊತ್ತು ಆ ಕಡೆ ತಿರುಗಿರು. ಆಮೇಲೆ ನಾನೇ ಕರೀತೀನಿ.’ ದೇವರು ತಿರುಗಿದನೆಂದು ಖಾತ್ರಿಯಾದ ಮೇಲೆ ಕಣ್ಣು ಬಿಟ್ಟರು. ಆಕೆ ವಿವರಣೆ ಮುಗಿಸಿ ಹೋಗಿಯಾಗಿತ್ತು.

ಹಲಗೆಯಲ್ಲಿ ಐದು ಲೋಟಗಳಿದ್ದವು. ಮೊದಲನೆಯದು ಒಣಹುಲ್ಲಿನ ಬಣ್ಣ, ಎರಡನೆಯದು ಮಸುಕು ಹಳದಿ, ಮೂರನೆಯದು ತಾಮ್ರ, ನಾಲ್ಕನೆಯದು ಕಾಡಿಗೆ. ಐದನೆಯದು ಮಾತ್ರ ತಿಳಿಯಾಗಿ, ಬಣ್ಣವೇ ಇಲ್ಲದೆ ನಿಂತಿತ್ತು. ಕಂಪೌಂಡರು ಕೈ ಹಿಂದಕ್ಕೆಳೆದುಕೊಂಡರು. ಬಣ್ಣವಿಲ್ಲದ್ದು ಎಂದರೇನೆಂದು ಅವರಿಗೆ ಗೊತ್ತಿಲ್ಲವೇ? ಆಸ್ಪತ್ರೆಯ ಸ್ಪಿರಿಟ್ಟೂ ಹೀಗೇ ಇರುತ್ತಿತ್ತು. ಇದನ್ನು ಕೊನೆಗಿಟ್ಟುಕೊಳ್ಳೋಣ ಎಂದುಕೊಂಡರು.

ಮೊದಲನೆಯದು ತಣ್ಣಗಿತ್ತು. ಅಷ್ಟೇ. ಗುಳ್ಳೆಗಳು ಮೂಗಿನೊಳಗೆ ಗುಯ್ಗುಟ್ಟಿದವು.

“ಹೇಗಿದೆ ಬೀಗರೇ?”

“ಹಿತವಾಗಿದೆ. ಮನೆತನಸ್ಥರ ಪಾನೀಯ.”

“ಎರಡನೇದು ಗೋಧೀದು. ಕಿತ್ತಳೆ ಸಿಪ್ಪೆ ಹಾಕಿದ್ದಾರಂತೆ.”

“ಹೌದು ಹೌದು, ಬಂತು ಕಿತ್ತಳೆ” ಎಂದು ಕಂಪೌಂಡರು ತಲೆದೂಗಿದರು. “ಸ್ವಲ್ಪ ಹೆಚ್ಚೇ ಆಯ್ತು.”

ಬಂದಿರಲಿಲ್ಲ. ಮೂರನೆಯದೇ ಬಾಗಿಲ ಹಲಗೆಯ ಕಹಿ. ಬೀಗರು ಒಂದು ಗುಟುಕು ಕುಡಿದು, ಇಡೀ ಮುಖವನ್ನು ಮೂಗಿನ ಸುತ್ತ ಗಂಟು ಕಟ್ಟಿಕೊಂಡರು. ಕಂಪೌಂಡರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಸುರಿದುಕೊಂಡರು. ಊರಿಗೆಲ್ಲ ಹೇಳಿದ ಉಪದೇಶಕ್ಕೆ ವಿರುದ್ಧವಾಗಿ, ನುಂಗದೆ, ನಾಲಿಗೆಯ ಮೇಲೆ, ಅಡಿಯಲ್ಲಿ, ದವಡೆಯ ಸಂದಿಯಲ್ಲಿ ಹೊರಳಿಸಿದರು. ಕಾದರು. ತಣ್ಣಗಿನ ಗುಳ್ಳೆ ಬಿಟ್ಟರೆ ಏನೂ ಇರಲಿಲ್ಲ. ಕಿಟಕಿಯಾಚೆ ನಿಂತು ಔಷಧ ಸಿಗದೆ ವಾಪಸಾಗುತ್ತಿದ್ದವರ ಮುಖ ಹೇಗಿರುತ್ತಿತ್ತೋ ಆ ಮುಖವನ್ನು ಈಗ ತಾವೇ ಹೊತ್ತು ಕೂತರು.

“ಕಹಿ ಅಲ್ವಾ?” ಎಂದರು ಬೀಗರು.

“ಭಾರೀ ಕಹಿ.” ದನಿ ನಡುಗಿತು. ಕಹಿಯಿಂದ ಎಂದು ಬೀಗರು ತಿಳಿದರು.

ಕಪ್ಪನೆಯದನ್ನು ಕರ್ತವ್ಯಕ್ಕೆಂಬಂತೆ ಮುಗಿಸಿದರು. ಉಳಿದದ್ದು ಐದನೆಯದು. ಇಷ್ಟು ದೂರ ಬಂದಾಯಿತು, ದೇವರನ್ನೂ ಆ ಕಡೆ ತಿರುಗಿಸಿ ನಿಲ್ಲಿಸಿದ್ದಾಯಿತು. ಸೊಂಟ ನೆಟ್ಟಗೆ ಮಾಡಿ, ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದು, ಒಂದೇ ಏಟಿಗೆ ಗಂಟಲಿಗೆ ಇಳಿಸಿದರು.

ಗಂಟಲು ಉರಿಯಿತು. ನಿಜವಾಗಿಯೂ ಉರಿಯಿತು. ಕೆಮ್ಮು ಒತ್ತಿ ಬಂತು, ಕಣ್ಣಲ್ಲಿ ನೀರು ದಳದಳನೆ ಇಳಿಯಿತು, ಕಿವಿ ಬಿಸಿಯಾಯಿತು, ಹಂಡೆಗಳು ನಿಂತಲ್ಲೇ ಒಂದು ಸುತ್ತು ತಿರುಗಿದವು.

“ಅಬ್ಬಬ್ಬಾ!” ಎಂದರು ಎದೆ ನೀವಿಕೊಳ್ಳುತ್ತಾ. “ಇದು ನೋಡಿ, ಅಸಲಿ ಸರಕು! ಉಳಿದವೆಲ್ಲ ಇದರ ಕಾಲ ಧೂಳಿಗೂ ಸಮ ಇಲ್ಲ. ಬೀಗರೇ, ನೀವು ಇದನ್ನ ಮುಟ್ಟಬೇಡಿ. ನಿಮ್ಮ ವಯಸ್ಸಿಗೆ ಆಗಲ್ಲ.”

ಬೀಗರು ತಮ್ಮ ಐದನೇ ಲೋಟವನ್ನು ನೋಡಿದರು. ಕಂಪೌಂಡರನ್ನು ನೋಡಿದರು.

“ಬೀಗರೇ,” ಎಂದರು, “ಅದು ನೀರು.”

“ಏನು?”

“ನೀರು. ಒಂದು ಕುಡಿದು ಇನ್ನೊಂದು ಕುಡಿಯೋ ಮೊದಲು ಬಾಯಿ ಮುಕ್ಕಳಿಸೋಕೆ. ಆಯಮ್ಮ ಹೇಳಿದ್ಳಲ್ಲ, ನೀವು ಕಣ್ಣು ಮುಚ್ಚಿಕೊಂಡು ಏನೋ ಮಾಡ್ತಿದ್ರಿ.”

ಬೀಗರ ಹೊಟ್ಟೆ ಮೊದಲು ನಕ್ಕಿತು, ಆಮೇಲೆ ಭುಜ, ಆಮೇಲೆ ಮೇಜು. ಪಕ್ಕದವರು ತಿರುಗಿ ನೋಡಿದರು. ಕಂಪೌಂಡರಿಗೆ ನೆನಪಾದದ್ದು ತಾವು ಕೊಡುತ್ತಿದ್ದ ಗುಲಾಬಿ ಬಣ್ಣದ ನೀರು. ರೋಗವಿಲ್ಲದೆ ಬರುವವರಿಗೆಂದು ಡಾಕ್ಟರು ಬರೆಯುತ್ತಿದ್ದ ಆ ಮಿಕ್ಸ್ಚರ್ ಕುಡಿದು, ಮರುದಿನ ಬಂದು ಕೈ ಮುಗಿದು ಹೋಗುತ್ತಿದ್ದವರನ್ನು ನೋಡಿ ಎಷ್ಟು ನಕ್ಕಿದ್ದರು! ಅವರಿಗಾದರೂ ಬಣ್ಣ ಬೇಕಿತ್ತು. ತಮಗೆ ಅದೂ ಬೇಕಾಗಲಿಲ್ಲ.

ಬೀಗರು ತಟ್ಟನೆ ನಗು ನಿಲ್ಲಿಸಿದರು. ಜೇಬಿನಿಂದ ಕಡಲೆಬೀಜದ ಪೊಟ್ಟಣ ತೆಗೆದು ಮುಂದಿಟ್ಟರು. “ಒಂದೆರಡು ಬಾಯಿಗೆ ಹಾಕ್ಕೊಳ್ಳಿ.”

ಕಂಪೌಂಡರು ಹಾಕಿಕೊಂಡರು.

“ಹೇಗಿದೆ?”

“ಚೆನ್ನಾಗೇ ಇದೆ. ಥೇಟ್...”

“ಉಪ್ಪಿನ ಮೂಟೆ ಬೀಗರೇ ಇದು! ಅವಸರದಲ್ಲಿ ಎರಡು ಸಲ ಹಾಕಿದ್ದಾಳೆ. ನಾನು ಬಾಯಿಗೆ ಹಾಕ್ಕೊಂಡಿದ್ದನ್ನ ರೈಲು ಸುರಂಗಕ್ಕೆ ಹೋದಾಗ ಕತ್ತಲಲ್ಲಿ ಉಗುಳಿದೆ. ನೀವು ಪೊಟ್ಟಣ ಕೊಡವಿ ತಿಂದ್ರಿ. ಮಗಳ ಮೇಲೆ ಎಂಥಾ ಪ್ರೀತಿ ಅಂತ ನಾನು ಕೈ ಮುಗಿಯೋದೊಂದು ಬಾಕಿ.” ದನಿ ತಗ್ಗಿಸಿದರು. “ಯಾವತ್ತಿಂದ?”

ಕಂಪೌಂಡರು ಖಾಲಿ ಲೋಟ ತಿರುಗಿಸುತ್ತಾ ಕೂತರು. “ಅವಳು ಹೋದಾಗಿನಿಂದ.”

ಬೀಗರು ಪೊಟ್ಟಣವನ್ನು ಮಡಿಸಿ ಮತ್ತೆ ಜೇಬಿಗಿಟ್ಟುಕೊಂಡರು. ಅವರ ಹೆಂಡತಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. “ನಮ್ಮವಳು ಹೋದಾಗ,” ಎಂದರು, “ನನಗೆ ನಿದ್ದೆ ಹೋಯ್ತು. ಅಂಗಡೀಲಿದ್ದ ಹಾಸಿಗೆ ಒಂದನ್ನೂ ಬಿಡದೆ ಮಲಗಿ ನೋಡಿದೆ. ಬೆಳಗಾದ್ರೆ ಗಿರಾಕಿಗಳಿಗೆ, ‘ತಗೊಂಡು ಹೋಗಿ ಸ್ವಾಮಿ, ತಲೆ ಇಟ್ಟ ತಕ್ಷಣ ನಿದ್ದೆ’ ಅಂತಿದ್ದೆ.”

“ಮಗಳಿಗೆ ಮಾತ್ರ ಹೇಳಬೇಡಿ ಬೀಗರೇ. ನಿಮ್ಮ ಕೈ ಹಿಡ್ಕೋತೀನಿ.”

ಮಾತು ಬಾಯಲ್ಲಿರುವಾಗಲೇ ಫೋನು ಬಡಿದುಕೊಂಡಿತು. ಕಿವಿ ಮಂದವಾದ ಮೇಲೆ ಕಂಪೌಂಡರ ಫೋನು ಯಾವಾಗಲೂ ಊರಿಗೆಲ್ಲ ಕೇಳುವಂತೆಯೇ ಮಾತಾಡುತ್ತಿತ್ತು.

“ಅಪ್ಪಾ, ಮನೇಲಿ ಉಳಿದಿದ್ದ ಕಡಲೆಬೀಜ ಇವರು ಈಗ ಬಾಯಿಗೆ ಹಾಕ್ಕೊಂಡು ಥೂ ಅಂದ್ರು. ನಾನೂ ತಿಂದು ನೋಡಿದೆ, ಬಾಯಿಗೆ ಇಡೋ ಹಾಗಿಲ್ಲ. ನೀನು ಬೆಳಗ್ಗೆ ಏನಂದೆ?”

ಕಂಪೌಂಡರು ಬೀಗರ ಮುಖ ನೋಡಿದರು. ಬೀಗರು ಹಂಡೆಗಳ ಕಡೆ ತಿರುಗಿಕೊಂಡರು. ‘ನಿನ್ನ ಮನಸ್ಸಿಗೆ ನೋವಾಗಬಾರದು ಅಂತ ತಿಂದೆ’ ಎಂದರೆ ಮುಗಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಈಗಷ್ಟೇ ನೀರು ಕುಡಿದು ತೂರಾಡಿದ ಮನುಷ್ಯನಿಗೆ ಇನ್ನೂ ಕಾಪಾಡಿಕೊಳ್ಳುವಂಥ ಮಾನ ಉಳಿದಿರಲಿಲ್ಲ.

“ನನಗೆ ಗೊತ್ತಾಗಲಿಲ್ಲ ಮಗಳೇ. ನಿಮ್ಮಮ್ಮ ಹೋದಾಗಿನಿಂದ ನನಗೆ ಯಾವುದರ ರುಚಿಯೂ ಗೊತ್ತಾಗ್ತಿಲ್ಲ. ನಿನ್ನ ಅಡುಗೆ ಹೇಗಿರುತ್ತೆ ಅಂತಾನೂ ನನಗೆ ಗೊತ್ತಿಲ್ಲ ಕಣಮ್ಮ.”

ಆ ಕಡೆ ಬಿಕ್ಕಿದ ಸದ್ದು. ಒಡೆದೇ ಹೋಯಿತು ಮಗಳ ಮನಸ್ಸು ಎಂದು ಕಂಪೌಂಡರು ಕಣ್ಣು ಮುಚ್ಚಿದರು.

“ಇದನ್ನ ಮೊದಲೇ ಹೇಳೋಕೆ ನಿನಗೇನಾಗಿತ್ತು?” ಎಂದಳು ಮಗಳು. “ನಾನು ಅಮ್ಮನ ಹಾಗೆ ಎಲ್ಲಿ ಮಾಡ್ತೀನಿ? ನನಗೆ ಬರಲ್ಲ, ಅದು ನನಗೆ ಗೊತ್ತು. ದಿನಾ ನೀನು ‘ಥೇಟ್ ನಿಮ್ಮಮ್ಮ’ ಅನ್ನೋವಾಗ ಹೊಟ್ಟೆ ಉರಿಯೋದು. ಇಷ್ಟು ಬೇಗ ಅಮ್ಮನ ಕೈರುಚಿ ಮರೆತುಬಿಟ್ಟನಲ್ಲ ಅಂತ ಒಳಗೆ ಹೋಗಿ ಅಳ್ತಿದ್ದೆ. ನಿನ್ನ ಮುಖ ನೋಡೋಕೂ ಮನಸ್ಸಾಗ್ತಿರಲಿಲ್ಲ.”

ಕಂಪೌಂಡರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ದಿನಕ್ಕೆರಡು ಡೋಸು, ಊಟದ ಜೊತೆ. ಔಷಧವೆಂದುಕೊಂಡು ಏನು ಕುಡಿಸಿದ್ದರು!

“ಮರೆತಿಲ್ಲ ಮಗಳೇ” ಎಂದರು. “ಅದೊಂದೇ ನೆನಪಿದೆ. ಅದಕ್ಕೇ ಬೇರೆ ಏನೂ ಗೊತ್ತಾಗ್ತಿಲ್ಲವೋ ಏನೋ.”

ಇಬ್ಬರೂ ಸ್ವಲ್ಪ ಹೊತ್ತು ಅತ್ತರು, ಅವಳು ಅಲ್ಲಿ, ಇವರು ಇಲ್ಲಿ. ಬೀಗರು ಕೊರಳ ವಸ್ತ್ರದಿಂದ ಮೂಗೊರೆಸಿಕೊಂಡದ್ದು ಇವರಿಗೆ ಕಾಣಿಸಲಿಲ್ಲ ಎಂದು ನಾವೂ ಒಪ್ಪಿಕೊಳ್ಳೋಣ.

“ಆಯ್ತು, ಬಾ. ಬಂದು ಸುಮ್ಮನೆ ಉಣ್ಣು, ಏನೂ ಹೇಳಬೇಡ” ಎಂದಳು ಮಗಳು ಮೂಗೆಳೆಯುತ್ತಾ. “ಈಗ ಎಲ್ಲಿದ್ದೀಯ? ಏನೋ ಗದ್ದಲ ಕೇಳಿಸ್ತಿದೆ.”

ಬೀಗರು ಎರಡೂ ಕೈ ಆಡಿಸಿ ಬೇಡ ಬೇಡ ಎಂದರು. ಆದರೆ ಬಹಳ ದಿನದ ಮೇಲೆ ಒಂದು ನಿಜ ಹೇಳಿದವರಿಗೆ ಇನ್ನೊಂದರ ಆಸೆಯಾಗುವುದು ಸಹಜ.

“ಬಿಯರ್ ಕುಡೀತಾ ಇದ್ದೀನಿ. ನಾಲ್ಕು ಥರ ಆಯ್ತು.”

ಮಗಳು ಅಳುವಿನ ನಡುವೆಯೇ ಕಿಲಕಿಲನೆ ನಕ್ಕಳು. “ನೀನಾ? ಒಂದು ಸುಳ್ಳು ಈಗ ತಾನೇ ಮುಗೀತು, ಆಗಲೇ ಇನ್ನೊಂದಾ ಅಪ್ಪಾ! ಮಾವನಿಗೆ ಕೊಡು ಫೋನು. ಮಾವ, ಅಪ್ಪ ಏನೋ ಹೇಳ್ತಿದ್ದಾನೆ, ನಿಜವಾ?”

ಬೀಗರು ಗಂಟಲು ಸರಿಪಡಿಸಿಕೊಂಡರು. “ನಾನು ಕಣ್ಣಾರೆ ಕಂಡದ್ದು ಹೇಳ್ತೀನಮ್ಮ. ನಿಮ್ಮಪ್ಪ ಒಂದು ಲೋಟ ನೀರು ಕುಡಿದರು. ತಲೆ ತಿರುಗ್ತು.”

ಫೋನು ಇಟ್ಟಾಗ ಬಿಯರ್ ಮಾಡುವಾಕೆ ಮೇಜಿನ ಪಕ್ಕ ನಿಂತಿದ್ದಳು. “ಯಾವುದು ಹಿಡಿಸ್ತು ಸಾರ್? ದೊಡ್ಡ ಲೋಟದಲ್ಲಿ ತರ್ತೀನಿ.”

ಕಂಪೌಂಡರು ಐದನೆಯದನ್ನು ತೋರಿಸಿದರು. ಆಕೆ ಒಂದು ಕ್ಷಣ ನೋಡಿ, ಏನೂ ಕೇಳದೆ, ತುಂಬಿ ತಂದಿಟ್ಟಳು.

ಅವರು ಕಣ್ಣು ಮುಚ್ಚಿದರು. ‘ಸ್ವಾಮಿ,’ ಎಂದರು ಮನಸ್ಸಿನಲ್ಲಿ, ‘ಇನ್ನು ಈ ಕಡೆ ತಿರುಗಬಹುದು. ಇದು ನೀರು.’