ಆನೆಗೆ ಬಾಲ ಬಂದದ್ದು

ನಾಣಯ್ಯನವರ ಹತ್ತಿರ ನಾಣ್ಯಗಳಿವೆ ಎಂದರೆ ಜನ ನಾನು ಮತ್ತೆ ಪದದಾಟಕ್ಕೆ ಇಳಿದೆ ಎಂದುಕೊಳ್ಳುತ್ತಾರೆ. ಏನು ಮಾಡಲಿ, ಆ ಹೆಸರಿಟ್ಟವನು ನಾನಲ್ಲ. ಕಕ್ಕಬೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಅವರು ಹಳೆಯ ನಾಣ್ಯ ಕೂಡಿಡುತ್ತಾರೆ. ನಮ್ಮ ಕಾಲೇಜಿನ ಪ್ರದರ್ಶನಕ್ಕೆಂದು ನಾನು ಗೋಗರೆದ ಮೇಲೆ ಒಂದು ಡಬ್ಬಿ ಕೊಟ್ಟಿದ್ದರು. ಅದರಲ್ಲಿ ಮುಖ್ಯವಾದದ್ದು ಆನೆಯ ಚಿತ್ರವಿರುವ ತಾಮ್ರದ ಕಾಸು. ಅವರ ಅಪ್ಪನಿಗೆ ಗದ್ದೆ ಉಳುವಾಗ ಸಿಕ್ಕಿದ್ದು, ಮೈತುಂಬ ಹಸಿರು.

"ಈ ಹಸಿರೇ ಇದರ ವಯಸ್ಸು, ಮಾಷ್ಟ್ರೇ. ಇದು ಹೋದ್ರೆ ನಾನು ನಿಮ್ಮನ್ನ ಮಾತಾಡಿಸೂದಿಲ್ಲ, ಆಯ್ತಾ?"

ಪ್ರದರ್ಶನ ಸುಸೂತ್ರವಾಗಿ ಮುಗಿದು ಡಬ್ಬಿ ಮಡಿಕೇರಿಯ ನಮ್ಮ ಮನೆಗೆ ಬಂತು. ಸಂಜೆ ನಾಣಯ್ಯ ಬಂದು ಒಯ್ಯುವವರಿದ್ದರು. ಹಸಿರು ಹಿಡಿದ ಕಾಸನ್ನು ಉಳಿದವುಗಳ ಜೊತೆ ಇಡಬಾರದೆಂದು ಅವರು ಹೇಳಿದ್ದು ನನಗೆ ನೆನಪಾದದ್ದು ಕಾಲೇಜಿನಲ್ಲಿ, ಎರಡು ಕ್ಲಾಸುಗಳ ನಡುವೆ. ಮನೆಯಲ್ಲಿದ್ದ ಸೋದರತ್ತೆ ಅನ್ನಪೂರ್ಣೇಶ್ವರಿಗೆ ಫೋನ್ ಮಾಡಿದೆ. ಇತ್ತ ಹುಡುಗರ ಗದ್ದಲ, ಅತ್ತ ಕುಕ್ಕರಿನ ಸಿಳ್ಳೆ.

"ಅತ್ತೆ, ಡಬ್ಬೀಲಿ ತುಕ್ಕಿದ್ದದ್ದನ್ನ ಬೇರೆ ಇಡಿ!"

"ಆಯ್ತು ಮಾರಾಯ, ಕಿರುಚಬೇಡ."

ಮನೆಗೆ ಬಂದು ನೋಡಿದರೆ ಸ್ಟೀಲ್ ತಟ್ಟೆಯ ನಡುವೆ ಆನೆ ಕಾಸು ಹೊಸ ಮದುಮಗನಂತೆ ಮಿರಿಮಿರಿ ಮಿಂಚುತ್ತ ಕೂತಿತ್ತು. ಅತ್ತೆ ಅರ್ಚಕರ ಮನೆಯಲ್ಲಿ ಬೆಳೆದವರು. ತಾಮ್ರ ಮಂಕಾಗಿದ್ದರೆ ಅವರಿಗೆ ಊಟ ಸೇರುವುದಿಲ್ಲ.

"ಇದೆಂತ ಮಾಡಿದ್ರಿ ಅತ್ತೆ!"

"ನೀನೇ ಅಲ್ವಾ ಹೇಳಿದ್ದು, ತಿಕ್ಕಿದ್ದದ್ದನ್ನ ಬೇರೆ ಇಡಿ ಅಂತ? ತಿಕ್ಕದೆ ಬೇರೆ ಇಡುವುದು ಹೇಗೆ? ಹುಣಸೆಹಣ್ಣು ಹಾಕಿ ತಿಕ್ಕಿದೆ. ಬೇರೆ ಇಟ್ಟೆ."

"ತಿಕ್ಕಿದ್ದಲ್ಲ ಅತ್ತೆ, ತುಕ್ಕಿದ್ದು! ತು! ತು!"

"ನನಗೇ ತೂ ಅಂತೀಯೇನೋ?"

ನಾನು ತಲೆ ಹಿಡಿದುಕೊಂಡು ಕೂತೆ. ಫೋನಿನಲ್ಲಿ ಒಂದು ಕೊಂಬು ಉದುರಿ, ಅದರ ಜಾಗದಲ್ಲಿ ಗುಡಿಸು ಬಂದು, ಇನ್ನೂರು ವರ್ಷದ ಹಸಿರನ್ನು ಗುಡಿಸಿ ಹಾಕಿತ್ತು.

ನಾಣಯ್ಯ ಬಂದರು. ಕಾಸನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ಹಿಡಿದರು.

"ಇದು ನಂದಲ್ಲ."

"ನಿಮ್ಮದೇ, ನಾಣಯ್ಯನವರೇ. ಅತ್ತೆ ಸ್ವಲ್ಪ ತೊಳೆದರು, ಅಷ್ಟೇ."

"ನನ್ನ ಆನೆಗೆ ಬಾಲ ಇರ್ಲಿಲ್ಲ. ಇದಕ್ಕೆ ಬಾಲ ಉಂಟು. ಚಿಕ್ಕಂದಿನಿಂದ ನೋಡಿದ್ದೇನೆ, ನನಗೆ ಗೊತ್ತಿಲ್ವಾ? ಯಾವುದೋ ಹೊಸ ಡೂಪ್ಲಿಕೇಟ್ ಇಟ್ಟು ನಂದನ್ನ ಬದಲಾಯಿಸಿದ್ದೀರಿ ಮಾಷ್ಟ್ರೇ."

"ಬಾಲ ಹಸಿರಿನ ಅಡಿಯಲ್ಲಿತ್ತು! ದೇವರಾಣೆಗೂ!" ಅಂಥ ಸಂಕಟದಲ್ಲೂ 'ಆನೆಯಾಣೆ' ಎಂಬುದು ನಾಲಿಗೆಯ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ.

ನಾಣಯ್ಯ ಅತ್ತೆಯ ಕಡೆ ತಿರುಗಿದರು. "ಅಕ್ಕ, ಇವರು ಎಂತ ಹೇಳಿದ್ದು ನಿಮಗೆ?"

ಕಂಡವರ ದನಿ ತೆಗೆಯುವ ವಿದ್ಯೆ ನನ್ನೊಬ್ಬನದೇ ಎಂದುಕೊಂಡಿದ್ದೆ. ಅತ್ತೆ ಮೂಗಿನಲ್ಲಿ ಥೇಟ್ ನನ್ನ ದನಿ ತೆಗೆದು, "ಅತ್ತೇ, ಡಬ್ಬೀಲೀ ತಿಕ್ಕಿದ್ದದ್ದನ್ನಾ ಬೇರೇ ಇಡೀ" ಎಂದರು.

"ದನಿ ಸರಿ ಉಂಟು," ಎಂದರು ನಾಣಯ್ಯ. "ನಾಣ್ಯ ಸರಿ ಇಲ್ಲ."

ಕಾಸನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಹೊರಟೇಬಿಟ್ಟರು. ನಾನು ಬಾಗಿಲಿಗೆ ಅಡ್ಡ ನಿಂತೆ. ಅತ್ತೆ ಒಳಗೆ ಹೋಗಿ ಒಂದು ಬಟ್ಟಲು ತಂದರು.

"ನಾಳೆ ದೀಪ ತಿಕ್ಕಲಿಕ್ಕೆ ಆಗ್ತದೆ ಅಂತ ಬಿಸಾಡಿರ್ಲಿಲ್ಲ. ನೋಡಿ, ನಿಮ್ಮ ಹಸಿರು ಇಲ್ಲೇ ಉಂಟು."

ಬಟ್ಟಲಲ್ಲಿ ಹುಣಸೆಹಣ್ಣಿನ ಗಸಿ. ಅದರಲ್ಲಿ ಹಸಿರು ಚಕ್ಕೆಗಳು, ಒಂದಿಷ್ಟು ಗದ್ದೆಯ ಕಪ್ಪು ಮಣ್ಣು. ನಾಣಯ್ಯ ಮಣ್ಣನ್ನು ಎರಡು ಬೆರಳಲ್ಲಿ ಉಜ್ಜಿದರು. ಮೂಸಿದರು. ಆಮೇಲೆ ಕಾಸನ್ನೆತ್ತಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ನನಗೆ ಹೋದ ಜೀವ ಬಂತು. "ನಾಣಯ್ಯನವರೇ, ಒಂದು ಕಾಫಿ?"

ಅವರು ಅತ್ತೆಯನ್ನು ನೋಡಿ, "ಬೇಡ ಅಂತ ಹೇಳಿ ಅಕ್ಕ," ಎಂದರು. "ಮತ್ತೆ ನಿಮ್ಮ ಅಳಿಯನಿಗೆ ಇದನ್ನೂ ಹೇಳಿ. ತುಕ್ಕು ಹಿಡಿಯೂದು ಕಬ್ಬಿಣಕ್ಕೆ. ತಾಮ್ರಕ್ಕೆ ಹಿಡಿಯೂದು ಕಿಲುಬು. ಅಷ್ಟು ಓದಿದವರು ಕಿಲುಬು ಅಂತ ಸರಿಯಾಗಿ ಹೇಳಿದ್ದಿದ್ರೆ ಇದೆಲ್ಲ ಆಗ್ತಿತ್ತಾ?"

"ಅಂದರೆ ಇನ್ನು ನನ್ನ ಹತ್ತಿರ ಮಾತೇ ಇಲ್ಲವಾ?"

"ಕಕ್ಕಬೆಯ ಮಳೆಗೆ ಹಸಿರು ತಿರುಗಿ ಬರ್ತದೆ. ಬಂದ ದಿನ ಮಾತಾಡ್ತೇನೆ ಅಂತ ಹೇಳಿ."

"ಅದು ಬರಲಿಕ್ಕೆ ಎಷ್ಟು ಸಮಯ ಬೇಕು?"

"ಹೋದ ಸಲ ಇನ್ನೂರು ವರ್ಷ ಬೇಕಾಯ್ತು ಅಂತ ಹೇಳಿ."

ಗೇಟು ಹಾಕಿದ ಸದ್ದಾಯಿತು. ನಾನು ಕುರ್ಚಿಯಲ್ಲಿ ಕುಸಿದು, ಕಿಲುಬು ಎಂಬ ಮೂರಕ್ಷರ ನನ್ನ ಬಾಯಿಗೆ ಯಾಕೆ ಬರಲಿಲ್ಲವೋ ಎಂದು ಗೊಣಗಿದೆ.

ಅತ್ತೆ ಬಟ್ಟಲನ್ನೆತ್ತಿಕೊಂಡು ಅಡುಗೆಮನೆಗೆ ಹೊರಟವರು ಹೊಸ್ತಿಲಲ್ಲಿ ನಿಂತರು.

"ಕಿಲುಬು ಅಂದಿದ್ರೆ ಬರೀ ಹುಣಸೆಹಣ್ಣಲ್ಲಿ ಬಿಡ್ತಿದ್ನಾ? ಉಪ್ಪೂ ಹಾಕಿ ತಿಕ್ತಿದ್ದೆ."