ಜಗಲಿ ಮೇಲಿನ ಎರಡು ದಿನ

ದೇವಲಾಪುರದ ಕಡೆಯ ಹಳ್ಳಿಯೊಂದರ ಯಜಮಾನ ಕೆಂಪಣ್ಣ ನಾಗಮಂಗಲದ ಕೋರ್ಟಿನಲ್ಲಿ ಸಾಕ್ಷಿಯ ಕಟಕಟೆ ಹತ್ತಿದ. ಎದುರಿಗೆ ಆರೋಪಿ ಚಿಕ್ಕಸ್ವಾಮಿ ನಿಂತಿದ್ದ.

ಕೇಸು ತೊಂಬತ್ತನಾಲ್ಕರದ್ದು. ಪಂಪ್‌ಸೆಟ್ಟಿನ ಮೋಟಾರು ಕಳುವಾದಾಗ ಸಬ್ ಇನ್ಸ್‌ಪೆಕ್ಟರು ಅನುಮಾನದ ಮೇಲೆ ಹಿಡಿದ ಚಿಕ್ಕಸ್ವಾಮಿಯನ್ನು ಠಾಣೆಗೆ ಒಯ್ಯಲಿಲ್ಲ. ಕೆಂಪಣ್ಣನ ಜಗಲಿ ಮೇಲೆ ಕೂರಿಸಿ, "ಯಜಮಾನ್ರೆ, ಇವನು ನಿಮ್ಮ ಜವಾಬ್ದಾರಿ" ಎಂದು ಹೊರಟುಹೋದರು. ಅಷ್ಟಕ್ಕೇ ಕೆಂಪಣ್ಣ ಉಬ್ಬಿಹೋದ. ಯಜಮಾನಿಕೆಯ ಹುಚ್ಚು ಅಂದರೆ ಇದೇ ನೋಡಿ! ಎರಡು ದಿನ ಕಾವಲು ಕಾದ. "ಒಪ್ಕೊಬುಡ್ಲಾ, ಬುಡುಸ್ತೀನಿ" ಎಂದು ಬೆನ್ನು ಸವರಿದ. ಕೊನೆಗೆ ಚಿಕ್ಕಸ್ವಾಮಿ, "ನಾನೇಯ ಕಣಣ್ಣೋ" ಅಂದ.

ಇಡೀ ಕೇಸು ಆ ಮಾತಿನ ಮೇಲೆ ನಿಂತಿತ್ತು. ಪೊಲೀಸರ ವಶದಲ್ಲಿದ್ದಾಗ ಆಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಕಾಗದದಲ್ಲಿ ದಸ್ತಗಿರಿಯಾದದ್ದು ಮೂರನೇ ದಿನ. ಅದಕ್ಕೆ ಮೊದಲು ಅವನು ಸ್ವತಂತ್ರನಾಗಿದ್ದ ಎಂಬುದು ಸರ್ಕಾರಿ ವಕೀಲರ ವಾದ.

"ಕೋಳ ಹಾಕಿದ್ರಾ?" ಚಿಕ್ಕಸ್ವಾಮಿಯ ವಕೀಲರು ಕೇಳಿದರು.

"ಇಲ್ಲ ಸ್ವಾಮಿ."

"ಬಾಗಿಲು ಹಾಕಿದ್ರಾ?"

"ಜಗ್ಲಿಗೆಲ್ಲಿ ಬಾಗ್ಲು ಸ್ವಾಮಿ."

ನ್ಯಾಯಾಧೀಶರು ತಲೆ ಎತ್ತಿದರು. "ಅದೆಲ್ಲ ಇರಲಿ. ಹೋಗ್ತೀನಿ ಅಂದಿದ್ರೆ ಬಿಡ್ತಿದ್ರಾ? ಅದನ್ನ ಹೇಳಿ."

ಬಿಡುತ್ತಿದ್ದೆ ಅನ್ನು ಎಂದು ಸಬ್ ಇನ್ಸ್‌ಪೆಕ್ಟರು ಬೆಳಿಗ್ಗೆಯೇ ಹೇಳಿಕೊಟ್ಟಿದ್ದರು. ಆದರೆ ಜಗಲಿ ಮೇಲೆ ಕೂರಿಸಿದ ಮೊದಲನೇ ದಿನವೇ, ನಾಲ್ಕು ಮನೆ ಆಚೆ, ಚಿಕ್ಕಸ್ವಾಮಿಯ ಹೆಂಡತಿ ಹೆತ್ತಿದ್ದಳು. "ಅಣ್ಣೋ, ಕೂಸಿನ ಮಖ ನೋಡ್ಕಂಡು ಬಂದ್ಬುಡ್ತೀನಿ" ಎಂದು ಚಿಕ್ಕಸ್ವಾಮಿ ಕಾಲು ಹಿಡಿದಿದ್ದ. "ಸಾಯೇಬ್ರು ನನ್ ಚರ್ಮ ಸುಲೀತಾರೆ, ಕುಂತ್ಕಳ್ಲಾ" ಎಂದು ಕೆಂಪಣ್ಣ ಗದರಿದ್ದ. ಕೂಸು ಮಾರನೇ ಬೆಳಿಗ್ಗೆಗೆ ಉಳಿಯಲಿಲ್ಲ. ಮಣ್ಣು ಮಾಡುವುದಕ್ಕೂ ಅಪ್ಪನನ್ನು ಬಿಡದೆ, ಕೆಂಪಣ್ಣ ತಾನೇ ಹೋಗಿ ಮಾಡಿಬಂದಿದ್ದ. ಚಿಕ್ಕಸ್ವಾಮಿ ಒಪ್ಪಿಕೊಂಡದ್ದು ಅದಾದ ಮೇಲೆ.

"ಬುಡ್ತಿರ್ನಿಲ್ಲ ಸ್ವಾಮಿ," ಅಂದ ಕೆಂಪಣ್ಣ. "ಕಾಲಿಡ್ಕಂಡು ಕೇಳ್ದ. ನಾನೇ ಬುಡ್ನಿಲ್ಲ."

ಹದಿನೈದು ದಿನಕ್ಕೆ ತೀರ್ಪು ಬಂತು. ಎದ್ದು ಹೋಗುವ ಹಾಗಿಲ್ಲದ ಮೇಲೆ ಜಗಲಿಯಾದರೂ ಅದು ಪೊಲೀಸರ ವಶವೇ ಎಂದರು ನ್ಯಾಯಾಧೀಶರು. ತಪ್ಪೊಪ್ಪಿಗೆ ಬಿದ್ದುಹೋಯಿತು, ಚಿಕ್ಕಸ್ವಾಮಿಯ ಬಿಡುಗಡೆಯಾಯಿತು.

ಕೋರ್ಟಿನ ಹೊರಗೆ ಅವನು, ತೀರ್ಪು ಕೇಳಲು ಬಂದಿದ್ದ ಕೆಂಪಣ್ಣನ ಹತ್ತಿರವೇ ನೇರ ಬಂದ. ಕಪಾಳಕ್ಕೆ ಒಂದು ಬಾರಿಸಿದರೆ ಸಾಕಪ್ಪ ಎಂದು ಕೆಂಪಣ್ಣ ಕಣ್ಣು ಮುಚ್ಚಿಕೊಂಡ.

"ಅಣ್ಣೋ, ನೀನೇ ಅಲ್ವಾ ಮಣ್ಣು ಮಾಡ್ದೋನು. ಕೂಸು ಯಾರಂಗಿತ್ತು?"

ಕೆಂಪಣ್ಣ ಅವತ್ತು ಸುತ್ತಿದ ಬಟ್ಟೆಯನ್ನು ಸರಿಸಿಯೂ ನೋಡಿರಲಿಲ್ಲ.

"ನಿನ್ನಂಗೇ ಇತ್ತು ಕಣ್ಲಾ," ಅಂದ.